ಚಾ ಬ್ಯಾಡ ಅಂದ ಅಮೆರಿಕದಾಂವ

ಮಹಾಕೂಟದ ದಾರ್ಯಾಗ ಕಾಶವ್ವನ ಚಾದಂಗಡಿ ಮುಂದ ಗಾಡಿ ನಿಲ್ಲಿಸಿದ್ನಿ. ನನ್ನ ಗಾಡ್ಯಾಗ ಕುಂತ ಅಮೆರಿಕದ ಹುಡುಗ ಮೊದಲ ಕೊರಿಯಾದಾಗ ಮಾರ್ಮನ್ ಅನ್ನೂ ಕ್ರಿಶ್ಚನ್ ಪಂಥದ ಪ್ರಚಾರ ಮಾಡಾಂವ ಇದ್ದನಂತ. ಇಲ್ಲೂ ಅದಕ್ಕ ಬಂದಾನೇನೋ ಅಂತ ನನಗ ಡೌಟ; ಸುರು ಮಾಡಿದ್ರ ಮಂದಿ ನನ್ನ ಗಾಡಿ ಒಡೀತಾರ.

ಕಾಶವ್ವ ಚಾ ಕೊಟ್ರ ಅಂವ ಬ್ಯಾಡ ಅಂದ.

"ಯಾಕೋ, ನನ್ನ ಕೈಯಾಂದು ನಡ್ಯೂದಿಲ್ಲೇನ?" ಅಂತ ಆಕಿ ಸಿಟ್ಟಾದ್ಳು.

ಅವರ ಧರ್ಮದಾಗ ಚಾ ಕುಡ್ಯಂಗಿಲ್ಲಂತ. ಟ್ರೇನಿಂಗ್‌ನ್ಯಾಗ ಕೊರಿಯನ್ ಕಲಿಸುವಾಗ, ಹಿರ್ಯಾರು ಚಾ ಕೊಟ್ರ ಹೆಂಗ ಬ್ಯಾಡ ಅನಬೇಕಂತ ಮೊದಲ ಕಲಿಸಿದ್ರಂತ. ಅಂವ ಅಲ್ಲಿ ಕಲತಂಗ ಸೊಂಟ ಬಗ್ಗಿಸಿ ಕೊರಿಯನ್‌ದಾಗ ಏನೋ ಅಂದ.

ಆಕಿ, ಕಾಲಿಗಿ ಬಿದ್ದ ಅಂತ ತಿಳಕೊಂಡ್ಳು. "ಇರ್ಲಿ ಬಿಡಪಾ, ಏಳು" ಅಂತ ಹಣಿಗಿ ವಿಭೂತಿ ಹಚ್ಚಿದ್ಳು.

ಬಾದಾಮಿ ಬಂದ್ರೂ ಅಂವ ವಿಭೂತಿ ಒರಸಿಲ್ಲ. ಗಾಡಿ ಕನ್ನಡ್ಯಾಗ ನೋಡಾಕತ್ತೇನಿ. ನಮ್ಮಾಂವನಂಗ ಆಗಿ ಪ್ರಚಾರ ಮಾಡಾಂವೇನೋ ಅಂತ ನನಗ ಡೌಟ ಇನ್ನೂ ಜಾಸ್ತಿ ಆಗೇತಿ.