ಎಣ್ಣೆ ದರ ಓದಿದ ಬೇಸಿಗೆ

ಹೋದ ತಿಂಗಳು ಬ್ಯಾಂಕಿನ ಹುಡುಗಿಯೊಬ್ಬಳು ಮನೆಗೆ ಬಂದು, ಎಣ್ಣೆಯ ಮೇಲೆ ದುಡ್ಡು ಹಾಕುವ ಯಾವುದೋ ಫಂಡಿನ ಗ್ರಾಫ್ ತೋರಿಸಿದಳು. ಕಡಲಾಚೆ ನೆಲದೊಳಗಿಂದ ತೆಗೆಯುವ ಎಣ್ಣೆಯಂತೆ. ಗೆರೆ ವರ್ಷಗಟ್ಟಲೆ ಕೆಳಗೇ ತೆವಳಿ, ಒಂದು ಕಡೆ ಗೋಡೆ ಹತ್ತಿದ ಹಾಗೆ ನೆಟ್ಟಗೆ ಮೇಲೆ ಹೋಗಿತ್ತು. "ನೋಡಿ ಅಜ್ಜಿ, ಹೇಗೆ ಏರಿದೆ!" ಅಂದಳು. ನಾನು ಕನ್ನಡಕ ಹಾಕಿಕೊಂಡು ಅಡಿಯ ಸಣ್ಣ ಅಕ್ಷರ ಓದಿದೆ. ಆ ಜಾಗದಲ್ಲಿ ಹಲವು ಯೂನಿಟ್‌ಗಳನ್ನು ಕೂಡಿಸಿ ಒಂದು ಮಾಡಿದ್ದರು.

"ಏರಿಲ್ಲಮ್ಮ, ಅಳತೆ ಬದಲಾಗಿದೆ. ಹಿಂದಿನದು ಕೊಡದ ಲೆಕ್ಕ, ಮುಂದಿನದು ಡಬ್ಬದ ಲೆಕ್ಕ," ಅಂದೆ.

"ಸಾರಿ?" ಅಂದಳು. ಪಾಪ, ಅವಳಿಗೆ ಹೇಗೆ ಗೊತ್ತಾಗಬೇಕು. ಕಾಫಿ ಕೊಟ್ಟು ಕಳಿಸಿದೆ. ಆಮೇಲೆ ಇಡೀ ಮಧ್ಯಾಹ್ನ ಶಿಕಾರಿಪುರದ ಆ ಮನೆಯ ಪಡಸಾಲೆ ಕಣ್ಣ ಮುಂದೆ ಕೂತುಬಿಟ್ಟಿತು.

ಹೊಸ ಪೈಸೆ ಬರುತ್ತದಂತೆ ಎಂದು ಅಂಗಡಿಯವರೆಲ್ಲ ಗೊಣಗುತ್ತಿದ್ದ ಬೇಸಿಗೆ ಅದು. ನನಗೆ ಹತ್ತೊಂಬತ್ತು. ಕಾನ್ವೆಂಟ್ ಬಿಟ್ಟು ಸೊಸೆಯಾಗಿ ಬಂದು ಐದಾರು ತಿಂಗಳಾಗಿತ್ತು. ಮಾವನವರದು ಎಣ್ಣೆ ವ್ಯಾಪಾರ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದದ್ದು ಮಾವ ಮತ್ತು ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡ ಅವರ ತಂಗಿ. ಅವರನ್ನೂ ನಾನು ಅತ್ತೆ ಎಂದೇ ಕರೆಯುತ್ತಿದ್ದೆ. ನನ್ನ ಗಂಡ ಸೊರಬದಲ್ಲಿ.

ಯಾಕೆ ಸೊರಬದಲ್ಲಿ ಎಂದರೆ, ಎಣ್ಣೆಯ ಪಾಲಿನ ದೆಸೆಯಿಂದ. ಸುಗ್ಗಿ ಮುಗಿದು ಶೇಂಗಾ ಎಣ್ಣೆ ಅಗ್ಗವಾದಾಗ ನಮ್ಮ ಕೇರಿಯ ಹನ್ನೆರಡು ಮನೆಯವರು ಒಟ್ಟಿಗೆ ದುಡ್ಡು ಹಾಕುತ್ತಿದ್ದರು. ಸೂಲಗಿತ್ತಿಯ ಮನೆಯದೂ ಇತ್ತು, ನಮ್ಮ ಅತ್ತೆಯದೂ ಒಂದು ಪಾಲಿತ್ತು. ಮಾವ ಆ ದುಡ್ಡಿಗೆ ಬಯಲುಸೀಮೆಯ ಗಾಣಗಳಿಂದ ಎಣ್ಣೆ ಡಬ್ಬಗಳನ್ನು ತರಿಸಿ ಸೊರಬದ ಮಳಿಗೆಯಲ್ಲಿ ಇಡಿಸುತ್ತಿದ್ದರು. ಮಳೆ ಹಿಡಿದ ಮೇಲೆ ಅತ್ತ ಕಡೆ ಗಾಡಿ ಹೋಗುವುದು ಕಷ್ಟ, ಎಣ್ಣೆ ತುಟ್ಟಿ. ಆಗ ಮಾರಿ ಬಂದದ್ದನ್ನು ಹಂಚುವುದು. ಡಬ್ಬ ಸೋರದಂತೆ, ಯಾರೂ ಎತ್ತದಂತೆ ಕಾಯಲು ಒಬ್ಬರು ಬೇಕಲ್ಲ. ಮದುವೆಯಾಗಿ ಒಂದೂವರೆ ತಿಂಗಳಿಗೆ ನನ್ನವರು ಡಬ್ಬಗಳ ಜೊತೆ ಹೋದರು. ಅವರ ಮುಖಕ್ಕಿಂತ ಕಾರ್ಡಿನ ಮೇಲಿನ ಅವರ ಅಕ್ಷರವೇ ನನಗೆ ಹೆಚ್ಚು ಪರಿಚಯವಾಗಿತ್ತು. "ಸ್ಟಾಕು ಸರಿ ಇದೆ. ನಾನು ಕ್ಷೇಮ." ಅಷ್ಟೇ. ಸ್ಟಾಕು ಮೊದಲು, ಅವರು ಆಮೇಲೆ.

ನಾನು ಲೋನ್ಲಿ ಆಗಿದ್ದೆ. ಆ ಪದಕ್ಕೆ ಆ ಮನೆಯಲ್ಲಿ ಹೇಳಿಕೊಳ್ಳುವಂಥ ಬೇರೆ ಪದ ನನಗೆ ಸಿಕ್ಕಿರಲಿಲ್ಲ. ನೀರಿಗೆ ಹೋದರೆ ಹೆಂಗಸರು "ಇಂಗ್ಲೀಷ್ ಸೊಸಿ ಬಂದ್ಲು, ದಾರಿ ಬಿಡ್ರೇ" ಎಂದು ನಗುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ಆದರೆ ದಾರಿ ಬಿಟ್ಟೇಬಿಡುತ್ತಿದ್ದರು, ನಾನು ಒಬ್ಬಳೇ ಸೇದಿ ಒಬ್ಬಳೇ ಬರುತ್ತಿದ್ದೆ. ಬಟ್ಟೆ ಒಗೆಯುವಾಗ ಇಂಗ್ಲಿಷ್ ಮಗ್ಗಿ ಹೇಳಿಕೊಳ್ಳುತ್ತಿದ್ದೆ, ನನ್ನ ದನಿ ನನಗಾದರೂ ಕೇಳಲಿ ಅಂತ.

ಮಾವನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅವರ ಹತ್ತಿರ ಉದ್ದನೆಯ ಒಂದು ದರದ ಪುಸ್ತಕ. ಯುದ್ಧ ಶುರುವಾದಾಗಿನಿಂದ, ಹದಿನೇಳೆಂಟು ವರ್ಷದ್ದು. ಪ್ರತಿ ವರ್ಷಕ್ಕೆ ಎರಡೇ ದರ, ಯುಗಾದಿಯದು ಒಂದು, ಶ್ರಾವಣದ್ದು ಒಂದು. ಯುಗಾದಿ ಹತ್ತಿರವಾದಾಗ ಒಂದು ಸಂಜೆ ಅದನ್ನು ನನ್ನ ಮುಂದೆ ಸರಿಸಿದರು.

"ಓದವ್ವ. ಈ ಸಲ ಸೊರಬದಾಗ ಈಗಲೇ ದರ ಚಲೋ ಐತಿ ಅಂತಾರ. ಈಗ ಮಾರೋದೋ, ಶ್ರಾವಣದ ತನಕ ಹಿಡಿಯೋದೋ? ಹಿಂದಿನದು ನೋಡದ ಮುಂದಿಂದು ಹೇಳಬಾರದು."

ಅದೇ ವಾರ ಬಸ್ಸಿನ ಕಂಡಕ್ಟರು ಕಾರ್ಡು ಕೊಡಲು ಬಂದವನು ಬಾಗಿಲಲ್ಲೇ ನಿಂತು ಹೇಳಿದ್ದ: "ಸೊರಬದ ಹತ್ರ ಕ್ಯಾಸನೂರು ಕಾಡಲ್ಲಿ ಮಂಗ ಸತ್ತು ಬೀಳ್ತಿದಾವಂತೆ ಕಣ್ರೀ. ಸೌದೆಗೆ ಹೋದೋರಿಗೂ ಜ್ವರ ಹಿಡೀತಿದೆಯಂತೆ. ಎಂಥ ಜ್ವರ ಅಂತ ಡಾಕ್ಟ್ರಿಗೇ ಗೊತ್ತಿಲ್ಲ." ನಾನು ಕಾರ್ಡು ತಿರುಗಿಸಿ ನೋಡಿದೆ. ಸ್ಟಾಕು ಸರಿ ಇದೆ.

ಈಗ ಮಾರಿದರೆ ಅವರು ವಾರದೊಳಗೆ ಮನೆಗೆ. ಹಿಡಿದರೆ ಶ್ರಾವಣದ ತನಕ ಅಲ್ಲೇ. ಪುಸ್ತಕ ಬಿಚ್ಚುವಾಗ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ಕಾನ್ವೆಂಟಿನಲ್ಲಿ ಗಣಿತದ ಸಿಸ್ಟರ್ ನಮಗೆ ಗ್ರಾಫ್ ಹಾಕಲು ಕಲಿಸಿದ್ದರು. ಟ್ರಂಕಿನ ತಳದಲ್ಲಿ ಚೌಕುಳಿ ಹಾಳೆಗಳಿದ್ದವು. ಯುಗಾದಿಯ ದರಗಳನ್ನೆಲ್ಲ ಚುಕ್ಕೆ ಇಟ್ಟು, ಗೆರೆ ಎಳೆದೆ. ಯುದ್ಧದ ಕಾಲದ ವರ್ಷಗಳು ಪೂರ್ತಿ ಕೆಳಗೆ; ಆಮೇಲೆ ಗೆರೆ ನೆಟ್ಟಗೆ ಎದ್ದು, ಈ ವರ್ಷದ ದರ ಎಲ್ಲಕ್ಕಿಂತ ಮೇಲೆ. ಕೆಳಗಿದ್ದ ಅಂಕಿಗಳ ತಲೆಯ ಮೇಲೆ ಒಂದೊಂದು ಸಣ್ಣ ಸುತ್ತು ಇತ್ತು. ಮಸಿಯ ಅಲಂಕಾರವೆಂದುಕೊಂಡೆ. ಶ್ರಾವಣದ ಸಾಲಿನ ಕಡೆ ನಾನು ನೋಡಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದೆ. ಆದರೆ ಚುಕ್ಕೆ ಇಡಲಿಲ್ಲ.

ಮಾವನಿಗೆ ಗೆರೆ ಕಾಣುವುದಿಲ್ಲವೆಂದು ಪೆನ್ಸಿಲ್ ಒತ್ತಿ ಎಳೆದಿದ್ದೆ. ಹಾಳೆ ಮಗುಚಿ, ಅವರ ಬೆರಳು ಹಿಡಿದು ಆ ಉಬ್ಬಿನ ಮೇಲೆ ಓಡಿಸಿದೆ. ಬೆರಳು ಸರ್ರನೆ ಮೇಲೆ ಹೋಯಿತು.

"ಇಷ್ಟು ಏರೈತೇನು?"

"ಹೌದು ಮಾವ. ಇಷ್ಟು ವರ್ಷದಲ್ಲಿ ಇದೇ ಹೈಯೆಸ್ಟ್. ಇನ್ನು ಇಳಿಯೋದೇ."

"ನಂಗ ಹಂಗ ನೆನಪಿಲ್ಲಲ್ಲ..." ಎಂದು ಮತ್ತೊಮ್ಮೆ ಆ ಉಬ್ಬನ್ನು ತಡವಿದರು. "ಇರಲಿ. ಓದಿದಾಕಿ ನೀನು. ಕಾಗದ ಬರಿ, ಬರೋ ಸಂತಿಗೆ ಮಾರಿ ಮನೀಗೆ ಬಾ ಅಂತ. ನಾಳೆ ಮುಂಜಾನೆ ಬಸ್ಸಿಗೆ ಕೊಟ್ಟರಾತು."

ಕಾಗದ ಬರೆದೆ. ಅಷ್ಟು ಚೆಂದದ ಅಕ್ಷರ ನಾನು ಪರೀಕ್ಷೆಯಲ್ಲೂ ಬರೆದಿರಲಿಲ್ಲ.

ಮಾವ ಪೂಜೆಗೆ ಎದ್ದರು. ಅತ್ತೆ ಮೊರ ಹಿಡಿದು ಬೇಳೆ ಆರಿಸುತ್ತ ಕೂತಿದ್ದವರು ಪುಸ್ತಕದ ಕಡೆ ಬಗ್ಗಿ ನೋಡಿದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ.

"ಕೊಡ ಎಲ್ಲಾ ಲೆಕ್ಕಕ್ಕ ಹಿಡದ್ಯೇನೇ?"

"ಯಾವ ಕೊಡ ಅತ್ತೆ?"

"ಈ ಸುತ್ತು. ನಾನ ಹಾಕಿದ್ದು. ಯುದ್ಧದಾಗ ಡಬ್ಬ ಎಲ್ಲಿ ಬರತಿದ್ವು? ಜನ ಮನಿಯಿಂದ ಕೊಡ ತರತಿದ್ರು, ನಾ ಮಣದ ಲೆಕ್ಕದಾಗ ತೂಗಿ ಹಾಕತಿದ್ದೆ. ಅಣ್ಣ ಮಣದ ದರ ಬರದು, 'ಒಂದು ಗುರುತು ಮಾಡು' ಅಂದ. ನಂಗೇನು ಬರತೈತಿ? ಕೊಡದ ಬಾಯಿ ಬರದೆ." ಅವರು ನಕ್ಕರು. "ಡಬ್ಬಕ್ಕ ಒಂದೂವರಿ ಮಣ ಹಿಡೀತೈತಿ. ನಿಮ್ಮ ಕಾನ್ವೆಂಟಿನಾಗ ಕೊಡ ಇರಲಿಲ್ಲೇನು?"

ಮಣದ ದರದ ಪಕ್ಕ ಡಬ್ಬದ ದರ ಇಟ್ಟು ನಾನು ಒಂದೇ ಗೆರೆ ಎಳೆದಿದ್ದೆ. ಸುತ್ತು ಇದ್ದ ವರ್ಷಗಳನ್ನೆಲ್ಲ ಒಂದೂವರೆ ಪಾಲು ಮಾಡಿ ಹೊಸ ಹಾಳೆಯಲ್ಲಿ ಚುಕ್ಕೆ ಇಟ್ಟೆ. ಗೋಡೆ ಕರಗಿ ಹೋಯಿತು. ಈ ವರ್ಷದ ದರದಲ್ಲಿ ಏನೂ ವಿಶೇಷವಿರಲಿಲ್ಲ. ಎಲ್ಲ ಯುಗಾದಿಯಂಥದ್ದೇ ಒಂದು ಯುಗಾದಿ. ಆಮೇಲೆ ಶ್ರಾವಣದ ಚುಕ್ಕೆಗಳನ್ನೂ ಇಟ್ಟೆ. ಒಂದೆರಡು ವರ್ಷ ಬಿಟ್ಟರೆ ಎಲ್ಲವೂ ಯುಗಾದಿಯ ಚುಕ್ಕೆಗಿಂತ ಮೇಲೆ.

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

"ತಪ್ಪಾತೇನು?"

ನಾನು ಎರಡೂ ಹಾಳೆ ಮಡಚಿ ಪುಸ್ತಕದೊಳಗಿಟ್ಟೆ.

"ನಂಗ ಓದಕ್ಕ ಬರಂಗಿಲ್ಲವ್ವ. ನೀ ಓದಿದ್ದ ಖರೆ," ಎಂದು ಮತ್ತೆ ಬೇಳೆಗೆ ಕೈ ಹಾಕಿದರು. ಅವರ ಪಾಲಿನ ದುಡ್ಡು ಎಲ್ಲಿಂದ ಬಂದಿತ್ತೆಂದು ನನಗೆ ಗೊತ್ತಿತ್ತು. ಅವರ ಮದುವೆಯಲ್ಲಿ ಈ ಮನೆಯವರು ಹಾಕಿದ್ದ ಒಂದೇ ಒಂದು ಚಿನ್ನದ ಎಳೆ ಮಾರಿದ್ದರು.

ಬೆಳಿಗ್ಗೆ ಕಾಗದ ಸೆರಗಿನಲ್ಲಿ ಹಿಡಿದು ಬಸ್ ಸ್ಟ್ಯಾಂಡಿನ ತನಕ ಹೋದೆ. ಬಸ್ಸು ನಿಂತಿತ್ತು. ಕಂಡಕ್ಟರು ಕೈ ಚಾಚಿ, "ಕೊಡ್ರೀ ಅಕ್ಕಾರೆ, ಮಧ್ಯಾಹ್ನದೊಳಗೆ ಅವರ ಕೈಲಿ ಇರುತ್ತೆ," ಅಂದ. ಜ್ವರದ ವಿಷಯ ಕೇಳಿದೆ. "ಪೇಟೇಲಿ ಏನಿಲ್ಲ. ಕಾಡಂಚಿನ ಹಳ್ಳಿ ಕಡೆ ಇದೆ. ಆದ್ರೂ ಹೆದರಿಕೆ ಹೆದರಿಕೇನೇ ಅಲ್ವಾ?" ಅಂದ. ಸಿಲ್ಲಿ ಎಂದರೆ, ಆ ಹೊತ್ತಿಗೆ ನನಗೆ ಅಳು ಬಂದದ್ದು ಜ್ವರಕ್ಕಲ್ಲ. ಬಸ್ಸಿನ ಕಿಟಕಿಯಲ್ಲಿ ನನ್ನ ವಯಸ್ಸಿನ ಒಬ್ಬಳು ಗಂಡನ ಹೆಗಲಿಗೆ ಒರಗಿ ಆಗಲೇ ನಿದ್ದೆ ಹೋಗಿದ್ದಳು.

"ಕಾಗದದಲ್ಲಿ ತಪ್ಪಾಗಿದೆ. ನಾಳೆ ಕೊಡ್ತೀನಿ," ಅಂದೆ.

ಮನೆಗೆ ಬಂದು ಮಾವನ ಮುಂದೆ ಕೂತು, ಎರಡನೇ ಹಾಳೆಯ ಮೇಲೆ ಅವರ ಬೆರಳು ಇಟ್ಟೆ. ಈ ಸಲ ಬೆರಳು ಸಣ್ಣ ದಿಬ್ಬಗಳ ಮೇಲೆ ಏರಿ ಇಳಿದು ಸಾಗಿತು.

"ನಾನು ಕೊಡ ಲೆಕ್ಕಕ್ಕೆ ಹಿಡಿದಿರಲಿಲ್ಲ ಮಾವ. ಈಗ ಮಾರಬಾರದು."

"ಹಾಂ! ಈಗ ನನ್ನ ನೆನಪಿಗೆ ತಾಳೆ ಆತು ನೋಡು," ಎಂದ ಮಾವನ ಮುಖ ಅರಳಿತು. ಆಮೇಲೆ ಏನೋ ಹೊಳೆದಂತೆ ದನಿ ತಗ್ಗಿಸಿ, "ಹಂಗಾರ ಅವ ಶ್ರಾವಣದ ತನಕ ಅಲ್ಲೇ ಆತಲ್ಲವ್ವ," ಅಂದರು.

"ಕಾಡಿನ ಕಡೆ ಹೋಗಬೇಡಿ ಅಂತ ಬರೀತೀನಿ," ಅಂದೆ.

ಬರೆದೆ. ಉತ್ತರ ಬಂತು. "ಸ್ಟಾಕು ಸರಿ ಇದೆ. ಕಾಡಿಗೆ ಹೋಗುವುದಿಲ್ಲ."

ಶ್ರಾವಣದಲ್ಲಿ ಎಣ್ಣೆ ಮಾರಾಟವಾಯಿತು. ಹನ್ನೆರಡು ಮನೆಗೂ ಒಳ್ಳೆಯ ಪಾಲು ಬಂತು. ಅತ್ತೆ ತಮ್ಮ ಎಳೆಯನ್ನು ಮತ್ತೆ ಮಾಡಿಸಿಕೊಂಡು ಪೆಟ್ಟಿಗೆಯಲ್ಲಿಟ್ಟರು. ನನ್ನವರು ಬಂದರು, ತೆಳ್ಳಗಾಗಿದ್ದರು, ಅವರ ಅಂಗಿಗೆಲ್ಲ ಶೇಂಗಾ ಎಣ್ಣೆಯ ವಾಸನೆ. ಒಗೆದರೂ ಹೋಗಲಿಲ್ಲ. ಹೋಗಲಿ ಎಂದು ನಾನೇನೂ ಉಜ್ಜಲಿಲ್ಲ. ಮೊದಲನೆಯ ಕಾಗದವನ್ನು ಅವರಿಗೆ ತೋರಿಸಲಿಲ್ಲ.

ನೀರಿನ ಹತ್ತಿರ ಈಗ ಹೆಂಗಸರು ದಾರಿ ಬಿಡುವ ಬದಲು ನಿಲ್ಲಿಸಿ ಕೇಳುತ್ತಿದ್ದರು: "ಏನವ್ವ, ಮುಂದಿನ ಸಲ ಎಷ್ಟು ಹಾಕೋಣ?" ಸುಗ್ಗಿ ಬಂದಾಗ ಹನ್ನೆರಡು ಮನೆ ಇಪ್ಪತ್ತಾಗಿತ್ತು. ಡಬ್ಬಗಳೂ ಹೆಚ್ಚಿದವು. ಮಾವ ಬಂದವರಿಗೆಲ್ಲ, "ನಮ್ಮ ಸೊಸಿ ಓದಿದ್ದು ಸುಳ್ಳಾಗಂಗಿಲ್ಲ," ಎನ್ನುತ್ತಿದ್ದರು.

ನನ್ನವರು ಮತ್ತೆ ಸೊರಬಕ್ಕೆ ಹೊರಡುವ ಹಿಂದಿನ ದಿನ ಧೈರ್ಯ ಮಾಡಿ ಕೇಳಿದೆ. "ಮಾವ, ಈ ಸಲ ನಾನೂ ಜೊತೆಗೆ ಹೋಗಲಾ? ಅಲ್ಲೊಂದು ಸಣ್ಣ ಮನೆ ಮಾಡಿಕೊಂಡು..."

ಮಾವ ನಿಜವಾಗಿಯೂ ಗಾಬರಿಯಾದರು. "ಹಂಗಾರ ಪುಸ್ತಕ ಓದೋರ್ಯಾರವ್ವ?"

ಅತ್ತೆ ತಲೆ ಎತ್ತಲಿಲ್ಲ. ನನ್ನವರು ಅಪ್ಪನ ಮುಖ ನೋಡಿ, ನನ್ನ ಮುಖ ನೋಡಿ, ಡಬ್ಬಗಳನ್ನು ಎಣಿಸಲು ಹೊರಗೆ ಹೋದರು.

ಹಾಗೆ ನಾಲ್ಕು ಬೇಸಿಗೆ ಕಳೆದವು. ಸೊರಬದ ಬಸ್ಸು ಶಿರಾಳಕೊಪ್ಪದ ರಸ್ತೆಗೆ ತಿರುಗುವ ತನಕ ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ. ಈಗ ದಿನದ ದರವನ್ನೂ ಬರೆಸುತ್ತಿದ್ದ ಮಾವ ಒಳಗಿನಿಂದ ಕೂಗುತ್ತಿದ್ದರು, "ಇವತ್ತಿನ ದರ ಬರದುಕೊಂಡ್ಯೇನವ್ವ?"

"ಬರೀತಿದೀನಿ ಮಾವ," ಎಂದು ಒಳಗೆ ಹೋಗುತ್ತಿದ್ದೆ.