ಸಾಲಿನ ಕೆಳಗಿನ ಖಾಲಿ ಜಾಗ

ಬೆಳಗಿನ ನಮಾಜು ಮುಗಿದು ಕಾಫಿ ಲೋಟ ಕೈಗೆ ಬಂದ ಮೇಲೆಯೇ ಜಾವಾ ದ್ವೀಪದ ಲಾಸೆಮ್ ಊರಿನ ಗುರು ಕಿಯಾಯಿ ಮಸ್ರುಹಾನ್ ಕುರಾನ್ ವ್ಯಾಖ್ಯಾನದ ಪಾಠ ಶುರು ಮಾಡುವುದು. ಅರಬ್ಬಿ ಸಾಲಿನ ಕೆಳಗೆ ಜಾವಾ ಮಾತಿನ ಅರ್ಥವನ್ನು ಓರೆಯಾಗಿ ಬರೆದುಕೊಳ್ಳುವುದು ಅಲ್ಲಿನ ಪದ್ಧತಿ. ಅರ್ಥ ಖಚಿತವಿಲ್ಲದಿದ್ದರೆ ಕಿಯಾಯಿ ಆ ಜಾಗವನ್ನು ಖಾಲಿ ಬಿಡಿಸುತ್ತಾರೆ. "ಊಹೆ ಬರೀಬೇಡ್ರೋ, ಇದು ಮಾವನ ಮನೆಯಿಂದ ಬಂದ ಕಾಗದ ಅಲ್ಲ!" ಅವರ ಪ್ರತಿಯಲ್ಲಿ ಶಾಯಿಗಿಂತ ಬಿಳಿಯೇ ಹೆಚ್ಚು ಎಂದು ಪಕ್ಕದೂರಿನ ಪಂಡಿತರು ನಗುತ್ತಾರೆ. ಒಂದು ಪದಕ್ಕಾಗಿ ಹನ್ನೊಂದು ಗ್ರಂಥ ತಿರುವುತ್ತಾ ಮದುವೆಯೊಂದಕ್ಕೆ ಹೋಗುವುದನ್ನೇ ಮರೆತವರು ಅವರು, ಅದೂ ಸ್ವಂತ ಮಗಳ ಮದುವೆ. ಏಳು ವರ್ಷದಿಂದ ಅವರನ್ನು ಕಾಡಿದ್ದು ಒಂದೇ ವಾಕ್ಯ: ಮಾತಿನ ನಡುವೆ ಬಂದ ಕುರುಡನನ್ನು ಕಂಡು ಪ್ರವಾದಿಯವರು ಹುಬ್ಬು ಗಂಟಿಕ್ಕಿದಾಗ ದೇವರು ಆಕ್ಷೇಪಿಸಿದ್ದು. ಕುರುಡನಿಗೆ ಕಾಣದೇ ಹೋದದ್ದನ್ನು ದೇವರು ಯಾಕೆ ಎತ್ತಿ ಆಡಿದ? ಇದು ತಿಳಿಯದೆಯೇ ಕಣ್ಣು ಮುಚ್ಚಿಬಿಡುತ್ತೇನೋ ಎಂಬ ಅಳುಕು ಅರವತ್ತೊಂಬತ್ತರ ಕಿಯಾಯಿಗೆ. ಈ ಸೋಮವಾರ ಅದನ್ನೇ ಮತ್ತೆ ಕೇಳಿದಾಗ, ಪರದೆಯಾಚೆಯ ಹೆಂಗಸರ ಸಾಲಿನಿಂದ ಉತ್ತರ ಕೊಟ್ಟವಳು ಬಾಣಂತಿಯರ ಮೈ ನೀವುವ, ಹುಟ್ಟಿನಿಂದ ಕಣ್ಣು ಕಾಣದ ಸುಮಿರಾ ಅಜ್ಜಿ. "ಕಣ್ಣಿದ್ದೋರನ್ನೇ ಕೇಳ್ತಾ ಕೂತ್ರೆ ಹೇಗೆ ಕಿಯಾಯಿ? ಜನ ನಮ್ಮೆದುರು ಮುಖ ಸಿಂಡರಿಸೋಕೆ ಅಂಜಲ್ಲ, ನಮಗೆ ಕಾಣಲ್ಲ ಅಂತ. ನಮ್ಮ ಪರವಾಗಿ ನೋಡೋನು ಅವನೊಬ್ಬನೇ." ಕಿಯಾಯಿ ಕಾಫಿ ಚೆಲ್ಲಿಕೊಂಡು ಎದ್ದು ನಿಂತು "ಅಲ್ಲಾಹು ಅಕ್ಬರ್!" ಎಂದದ್ದು ಬಂದರಿನವರೆಗೂ ಕೇಳಿಸಿತಂತೆ. "ಬರ್ಕೊಳ್ರೋ, ಅಜ್ಜಿ ಹೆಸರು ಹಾಕಿ ಬರ್ಕೊಳ್ಳಿ!" ನಲವತ್ತು ಶಿಷ್ಯರ ತಲೆಗಳು ಒಟ್ಟಿಗೆ ಬಾಗಿದವು. ಮಂಗಳವಾರದ ಪಾಠ ಮುಂದಿನ ವಾಕ್ಯದಿಂದ.