ಕೌದಿ ಹೊದ್ದ ಟ್ಯಾಬ್ಲೆಟ್

ಮೊದಲ ಕಾಲ್ ಬಂದದ್ದು ಸೋಮವಾರ ಮಧ್ಯಾಹ್ನ. ಊಟದ ಡಬ್ಬಿ ತೊಳೆದು ಸೀಟಿಗೆ ಬಂದು ಕೂತಿದ್ದೆ. ಮೊಬೈಲಿನಲ್ಲಿ ‘ದೊಡ್ಡಮ್ಮ’ ಅಂತ ಬಂತು. ಎತ್ತಿದೆ.

‘ಹೇಳಿ ದೊಡ್ಡಮ್ಮ.’

ಉತ್ತರ ಇಲ್ಲ. ಫ್ಯಾನ್ ತಿರುಗುವ ಸದ್ದು. ದೂರದಲ್ಲಿ ತುಮಕೂರು ರಸ್ತೆಯ ಲಾರಿಗಳ ಹಾರ್ನ್. ಅವೆರಡರ ನಡುವೆ, ತೀರಾ ಹತ್ತಿರದಲ್ಲಿ, ಯಾರೋ ನಿಧಾನವಾಗಿ ಉಸಿರಾಡುತ್ತಿದ್ದರು. ನಾಲ್ಕೈದು ಸಲ ಹಲೋ ಅಂದು ಕಟ್ ಮಾಡಿದೆ. ತಿರುಗಿ ಮಾಡಿದರೆ ತುಂಬಾ ಹೊತ್ತು ರಿಂಗಾದ ಮೇಲೆ ನಿದ್ದೆಗಣ್ಣಿನ ದನಿ.

‘ನಾ ಎಲ್ಲಿ ಫೋನ್ ಮಾಡೇನಿ ತಂಗಿ? ಮಲಗಿದ್ದೆ.’

ಕೈ ತಾಗಿರಬೇಕು ಅಂದುಕೊಂಡೆ. ನೀವಾದರೂ ಹಾಗೇ ಅಂದುಕೊಳ್ಳುತ್ತಿದ್ದಿರಿ, ಅಲ್ಲವೇ?

ಮಂಗಳವಾರ ಎರಡು ಸಲ ಬಂತು. ಬುಧವಾರ ಮೂರು ಸಲ. ಅದೇ ಫ್ಯಾನ್, ಅದೇ ಉಸಿರು. ಗುರುವಾರ ಮಾತ್ರ ಆ ಕಡೆಯಿಂದ ಮಾತು ಕೇಳಿಸಿತು. ನನ್ನ ಜೊತೆ ಆಡಿದ ಮಾತಲ್ಲ.

‘ಹೂಂ ರೀ, ಬಂದೆ ತಡೀರಿ... ನಿಮ್ಮ ಗಡಿಬಿಡಿ ಇನ್ನೂ ಹೋಗ್ಲಿಲ್ಲ ನೋಡ್ರಿ.’

ದೊಡ್ಡಮ್ಮನದೇ ದನಿ. ಆಮೇಲೆ ಸಣ್ಣ ನಗು. ಆ ಸಲಿಗೆಯಲ್ಲಿ, ಆ ನಗು ಸೇರಿಸಿ, ಅವರು ‘ರೀ’ ಅನ್ನುತ್ತಿದ್ದದ್ದು ಒಬ್ಬರಿಗೇ. ಆ ಒಬ್ಬರು, ಅಂದರೆ ನನ್ನ ದೊಡ್ಡಪ್ಪ, ತೀರಿಕೊಂಡು ಎರಡು ವರ್ಷವಾಗಿತ್ತು.

ಟ್ಯಾಬ್ಲೆಟ್ ಕೊಡಿಸಿದ್ದು ನಾನು. ಅದನ್ನು ಮೊದಲು ಹೇಳಿಬಿಡಬೇಕು.

ದೊಡ್ಡಮ್ಮ ಹಾವೇರಿ ಕಡೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವರು. ದೊಡ್ಡಪ್ಪ ಹೋದ ಮೇಲೆ ದಾಸರಹಳ್ಳಿಯಲ್ಲಿ ಮಗ-ಸೊಸೆಯ ಜೊತೆ ಇದ್ದಾರೆ. ಮಗ ಪೀಣ್ಯದ ಕಾರ್ಖಾನೆಗೆ, ಸೊಸೆ ಶಾಲೆಗೆ. ಬೆಳಗ್ಗೆ ಎಂಟಕ್ಕೆ ಬಾಗಿಲು ಹಾಕಿಕೊಂಡರೆ ಸಂಜೆ ಐದರವರೆಗೆ ಮನೆಯಲ್ಲಿ ಅವರೊಬ್ಬರೇ. ಕಣ್ಣಿನ ಪೊರೆಯ ಆಪರೇಷನ್ ಆದಮೇಲೆ ಪೇಪರ್ ಓದಲು ಕಷ್ಟ ಅಂದರು. ಅಕ್ಷರ ದೊಡ್ಡದು ಮಾಡಿಕೊಂಡು ಓದಬಹುದಲ್ಲ, ಒಂದು ಟ್ಯಾಬ್ಲೆಟ್ ನೋಡು ಅಂತ ಅವರ ಮಗ, ನನ್ನ ಅಣ್ಣ, ನನಗೇ ವಹಿಸಿದ. ಇಂಜಿನಿಯರಿಂಗ್ ಓದಿದವಳು ನಾನೊಬ್ಬಳೇ ತಾನೇ ಮನೆತನಕ್ಕೆಲ್ಲ!

ವಹಿಸಿದ್ದೇ ತಡ, ಎಕ್ಸೆಲ್ ಶೀಟ್ ತೆಗೆದೆ. ಸ್ಕ್ರೀನ್ ಎಷ್ಟು ಇಂಚು, ತೂಕ ಎಷ್ಟು, ಕ್ಯಾಮೆರಾ ಇದೆಯಾ, ಸಿಮ್ ಹಾಕಬಹುದಾ, ಕನ್ನಡ ಅಕ್ಷರ ಚೌಕ ಚೌಕವಾಗದೆ ಸರಿಯಾಗಿ ಬರುತ್ತಾ. (ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಅದೇ ದೊಡ್ಡ ಪರೀಕ್ಷೆ.) ಎರಡು ವಾರ ರಿವ್ಯೂ ಓದಿದೆ. ಕೊನೆಗೆ ಯಾರೂ ಹೆಸರು ಕೇಳದ ಒಂದು ಕಂಪನಿಯದನ್ನು ತಂದೆ. ಏಳಿಂಚು, ಫೋನ್ ಕೂಡ ಮಾಡಬಹುದು, ಬೆಲೆಯೋ ಬೇರೆಯವುಗಳ ಅರ್ಧ. ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ಮೆರೆದೆ.

ದೊಡ್ಡಪ್ಪನ ಹಳೆಯ ಫೋಟೊಗಳನ್ನೆಲ್ಲ ಸ್ಕ್ಯಾನ್ ಮಾಡಿ ತುಂಬಿಕೊಟ್ಟೆ. ಹುಡುಕುವ ಕಷ್ಟ ಬೇಡ ಅಂತ ಸ್ಕ್ರೀನಿನ ಬಲಗಡೆ ಕೆಳಗಿನ ಮೂಲೆಯಲ್ಲಿ ಎರಡೇ ಎರಡು ಗುರುತು ಇಟ್ಟೆ. ಒಂದು ಫೋಟೊಗಳದು, ಪಕ್ಕದಲ್ಲಿ ನನ್ನ ನಂಬರಿನದು. ಒತ್ತಿದರೆ ಸಾಕು.

ಮುಂದಿನ ವಾರ ಹೋದಾಗ ಟ್ಯಾಬ್ಲೆಟ್ ಕೌದಿ ಹೊದ್ದು ಕೂತಿತ್ತು.

ಕೌದಿ ಗೊತ್ತಲ್ಲ? ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಇಟ್ಟು, ಮೇಲೆ ಬಣ್ಣದ ತುಂಡು ಕೂಡಿಸಿ, ಕೈಯಲ್ಲೇ ಒತ್ತೊತ್ತಾಗಿ ಹೊಲಿಯುವ ಹೊದಿಕೆ. ಮನೆಯವರು ಉಟ್ಟು ತೊಟ್ಟ ಬಟ್ಟೆಯೇ ಆಗಬೇಕು. ಹೋದವರ ಬಟ್ಟೆಯೂ ಅದರೊಳಗೆ ಸೇರುತ್ತದೆ. ದೊಡ್ಡಮ್ಮನ ಮನೆಯಲ್ಲಿ ಮಿಕ್ಸಿಗೆ ಅಂಗಿ, ಟಿ.ವಿ.ಗೆ ಶಾಲು, ಫ್ರಿಜ್ಜಿಗೆ ಟೋಪಿ. ಟ್ಯಾಬ್ಲೆಟ್ ಬರಿಮೈಯಲ್ಲಿ ಇರುವುದುಂಟೇ? ದೊಡ್ಡಪ್ಪನ ಪಂಚೆಯ ಐದು ಪದರ, ಮೇಲೆ ಅವರ ನೀಲಿ ಚೌಕಳಿ ಶರ್ಟಿನ ತುಂಡು. ಮುಚ್ಚಲು ಗುಂಡಿ. ಚಾರ್ಜರಿನ ವೈರ್ ಹೋಗಲು ಕಾಜದಂಥ ಸಣ್ಣ ತೂತು ಕೂಡ.

‘ಸಕ್ಕತ್ತಾಗಿದೆ ದೊಡ್ಡಮ್ಮ’ ಅಂದೆ. ಫೋಟೊ ತೆಗೆದು ಫೇಸ್‌ಬುಕ್ಕಿಗೂ ಹಾಕಿದೆ. ಎಷ್ಟೊಂದು ಲೈಕು! ಅಷ್ಟು ಜನ ನೋಡಿದರು, ಬಹಳ ಜನ ಓದಿದವರೇ. ಚಾರ್ಜಿಗೆ ಇಟ್ಟ ಬ್ಯಾಟರಿಗೆ ಕೌದಿ ಹೊದಿಸಬಾರದು ಅಂತ ಒಬ್ಬರಾದರೂ ಬರೆದರಾ? ನನಗೇ ಹೊಳೆಯಲಿಲ್ಲ. ಅವರಿಗೇನು ಹೊಳೆದೀತು?

ದೊಡ್ಡಮ್ಮ ಪ್ಲಗ್ ತೆಗೆಯುತ್ತಲೇ ಇರಲಿಲ್ಲ. ನೀರು ಬಂದಾಗ ಡ್ರಮ್ ತುಂಬಿಸಿಡುವಂತೆ, ಕರೆಂಟ್ ಇರುವಷ್ಟು ಹೊತ್ತೂ ತುಂಬಿಸುತ್ತಲೇ ಇದ್ದರು. ಕೌದಿಯೊಳಗೇ. ಹಾಸಿಗೆಯ ಮೇಲೆ, ತಲೆಯ ಪಕ್ಕದಲ್ಲಿ.

ಗುರುವಾರ ಆ ‘ರೀ’ ಕೇಳಿದ ಮೇಲೆ ನಾನು ಆಫೀಸಿನಲ್ಲಿ ಕೂರಲಿಲ್ಲ. ಅರ್ಧ ದಿನ ರಜೆ ಹೇಳಿ, ಪೀಣ್ಯದಿಂದ ಆಟೊ ಹಿಡಿದೆ. ಇನ್ನೂ ರೈಲೇ ಬಾರದ ಮೆಟ್ರೊ ಕಂಬಗಳ ಕೆಳಗೆ ಎಂದಿನ ಟ್ರಾಫಿಕ್ಕು. ದೊಡ್ಡಮ್ಮನಿಗೆ ಮರೆವು ಶುರುವಾಯಿತೇ? ಯಾವ ಡಾಕ್ಟರಿಗೆ ತೋರಿಸಬೇಕು? ದಾರಿಯುದ್ದಕ್ಕೂ ಯೋಚನೆ ಅದೊಂದೇ.

ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. ದೊಡ್ಡಮ್ಮ ತುಟಿಯ ಮೇಲೆ ಬೆರಳಿಟ್ಟರು.

‘ಸಾವಕಾಶ ಬಾ. ಚಪ್ಪಲಿ ಸಪ್ಪಳ ಮಾಡಬ್ಯಾಡ.’

‘ಯಾಕೆ? ಯಾರು ಮಲಗಿದ್ದಾರೆ?’

‘ಯಾರೂ ಮಲಗಿಲ್ಲ. ಬಾ, ನಿನಗೂ ತೋರಸ್ತೀನಿ.’

ಹಣೆಯಲ್ಲಿ ವಿಭೂತಿ, ಒಪ್ಪವಾಗಿ ಬಾಚಿದ ತಲೆ, ಇಸ್ತ್ರಿ ಮಾಡಿದ ಸೀರೆ. ಮಧ್ಯಾಹ್ನ ಮಲಗಿ ಎದ್ದವರಂತೆ ಇರಲಿಲ್ಲ. ಯಾರೋ ಬರುತ್ತಾರೆ ಅಂತ ತಯಾರಾದವರಂತೆ ಇದ್ದರು.

ಮಂಚದ ಮೇಲೆ, ದಿಂಬಿಗೆ ಒರಗಿ, ಟ್ಯಾಬ್ಲೆಟ್ ಇತ್ತು. ಕೌದಿಯ ಗುಂಡಿ ಬಿಚ್ಚಿತ್ತು. ಸ್ಕ್ರೀನ್ ಬೆಳಗುತ್ತಿತ್ತು. ದೊಡ್ಡಮ್ಮ ಎದುರಿನ ಕುರ್ಚಿಯಲ್ಲಿ ಕೂತು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡರು. ನಾನು ಬಾಗಿಲ ಹತ್ತಿರವೇ ನಿಂತೆ.

ಫೋಟೊಗಳು ತೆರೆದುಕೊಂಡವು.

ಯಾರೂ ಮುಟ್ಟಿರಲಿಲ್ಲ. ಒಂದು ಫೋಟೊ ಸರಿಯಿತು. ಇನ್ನೊಂದು. ಮತ್ತೊಂದು. ಬೆರಳಿಂದ ತಳ್ಳಿದರೆ ಸರಿಯುವಂತೆಯೇ, ಸ್ವಲ್ಪ ತಡೆದು, ಮತ್ತೆ ಸರಿದು. ದೊಡ್ಡಪ್ಪ ನಿವೃತ್ತಿಯ ದಿನ ಶಾಲು ಹೊದ್ದು ನಿಂತ ಫೋಟೊ ಬಂದಾಗ ನಿಂತಿತು. ಆಮೇಲೆ ಅದು ದೊಡ್ಡದಾಗತೊಡಗಿತು. ಶಾಲು ಹೋಯಿತು, ಹಾರ ಹೋಯಿತು. ಮುಖ, ಮುಖದಲ್ಲಿ ಕನ್ನಡಕ, ಕನ್ನಡಕದ ಹಿಂದೆ ಒಂದು ಕಣ್ಣು. ಏಳಿಂಚಿನ ತುಂಬಾ ಆ ಒಂದೇ ಕಣ್ಣು.

‘ನೋಡಿದಿ?’ ದೊಡ್ಡಮ್ಮ ಪಿಸುಗುಟ್ಟಿದರು. ‘ದಿನಾ ಈ ಹೊತ್ತಿಗೆ.’

ಸ್ಕ್ರೀನ್ ಮಿಣುಕಿತು. ಕಣ್ಣು ಮಾಯವಾಯಿತು. ನನ್ನ ಬ್ಯಾಗಿನೊಳಗೆ ಫೋನ್ ಹೊಡೆದುಕೊಳ್ಳತೊಡಗಿತು.

ತೆಗೆದು ನೋಡಿದೆ. ‘ದೊಡ್ಡಮ್ಮ’ ಅಂತ ಬರುತ್ತಿತ್ತು. ದೊಡ್ಡಮ್ಮ ನನ್ನೆದುರಿಗೇ ಕೂತಿದ್ದರು. ಕೈ ಮಡಿಲಲ್ಲೇ ಇತ್ತು.

ಆಗ ನಾನು ಏನು ಮಾಡಬೇಕಿತ್ತು? ಪ್ಲಗ್ ಕೀಳಬೇಕಿತ್ತು. ಕೋಣೆಯಲ್ಲಿ ಆಗಲೇ ಒಂದು ಸಿಹಿ ವಾಸನೆ ಇತ್ತು. ಉಗುರುಬಣ್ಣ ಅಳಿಸುವ ದ್ರವದ್ದೋ, ಕೊಳೆತ ಹಣ್ಣಿನದೋ ಅನ್ನುವಂಥದ್ದು. ಸ್ಕ್ರೀನಿನ ಬಲ ಅಂಚು ಚೌಕಟ್ಟು ಬಿಟ್ಟು ಮೇಲೆದ್ದಿತ್ತು. ಬೆನ್ನು ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿತ್ತು. ಎಲ್ಲವೂ ಕಾಣುತ್ತಿತ್ತು. ನಾನು ಮುಂದೆ ಹೋದೆ, ಕೈ ಚಾಚಿದೆ.

ದೊಡ್ಡಮ್ಮ ನನ್ನ ಮುಂಗೈ ಹಿಡಿದರು. ಎಪ್ಪತ್ತು ದಾಟಿದವರ ಹಿಡಿತವಲ್ಲ ಅದು.

‘ಮುಟ್ಟಬ್ಯಾಡ. ಅವ್ರು ಮಾತಾಡಾಕತ್ತಾರ.’

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

ಈಗ ಪ್ರತಿದಿನ ಕಣ್ಣ ಮುಂದೆ ಬರುವುದು ಇದೇ. ದೊಡ್ಡಮ್ಮನ ಮಾತು ಇರಲಿ. ನಾನು ಯಾಕೆ ನಿಂತೆ? ಒಂದು ನಿಮಿಷವೋ, ಎರಡೋ. ಫೋಟೊಗಳು ಮತ್ತೆ ತೆರೆದುಕೊಂಡವು. ಮುಂದೆ ಯಾವ ಫೋಟೊ ಬರುತ್ತದೆ ಅಂತ ನಾನೂ ಕಾದೆ. ನಿಜ ಹೇಳುತ್ತೇನೆ, ದೊಡ್ಡಪ್ಪ ನನಗೇನಾದರೂ ಹೇಳುತ್ತಾರೇನೋ ಅಂತ ಕಾದೆ. (ಅವರ ಕೊನೆಯ ವಾರ ನಾನು ಆಸ್ಪತ್ರೆಗೆ ಹೋಗಿರಲಿಲ್ಲ. ಆಫೀಸಿನಲ್ಲಿ ಆಡಿಟ್ ಇತ್ತು.)

ಬಾಗಿಲು ತೆರೆದೇ ಇತ್ತು. ಅದೇ ನಮ್ಮ ಪುಣ್ಯ.

‘ಅಮ್ಮೋ, ಯುಪಿಎಸ್‌ಗೆ ನೀರು ನೋಡ್ಬೇಕು’ ಅನ್ನುತ್ತಾ ಮುನಿರಾಜಣ್ಣ ಒಳಗೆ ಬಂದರು. ಕಟ್ಟಡದ ಮಾಲೀಕರು, ದಾಸರಹಳ್ಳಿಯ ಹಳೆಯ ಮನೆತನ. ಕೆಳಗೆ ಬ್ಯಾಟರಿ ಅಂಗಡಿ ಇಟ್ಟಿದ್ದಾರೆ. ತಿಂಗಳಿಗೊಮ್ಮೆ ಮನೆಮನೆಗೆ ಬಂದು ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬಿಸುತ್ತಾರೆ. ಎರಡು ಹೆಜ್ಜೆ ಇಟ್ಟವರು ಮೂಗರಳಿಸಿ ನಿಂತರು.

‘ಏನ್ ಮೇಡಂ ಇದು ವಾಸ್ನೆ?’ ಮಂಚದ ಕಡೆ ನೋಡಿದರು. ‘ಅಯ್ಯೋ ನಿಮ್ಮ! ನೋಡ್ತಾ ನಿಂತಿದ್ದೀರಲ್ಲ! ಇತ್ಲಾಗ್ ಬನ್ನಿ, ಅಮ್ಮನ್ನ ಎಳ್ಕೊಳ್ಳಿ!’

ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತರು. ಅಡುಗೆಮನೆಗೆ ಓಡಿ ಕಬ್ಬಿಣದ ಬಾಣಲೆ ತಂದು, ಸವುಟಿನಲ್ಲಿ ನೂಕಿ, ಟ್ಯಾಬ್ಲೆಟ್ಟನ್ನು ಕೌದಿಯ ಸಮೇತ ಅದರೊಳಗೆ ಬೀಳಿಸಿಕೊಂಡರು. ನಾನು ಬಿಂದಿಗೆಗೆ ಕೈ ಹಾಕಿದೆ.

‘ನೀರು ಆಕ್ಬ್ಯಾಡಿ! ಬಾಗ್ಲು ಬಿಡಿ!’

ಒಂದೊಂದು ಹೆಜ್ಜೆಗೆ ಎರಡೆರಡು ಮೆಟ್ಟಿಲು ಇಳಿದರು. ಪಕ್ಕದ ಸೈಟಿನಲ್ಲಿ ಮನೆ ಕಟ್ಟಲು ಸುರಿದ ಮರಳಿನ ರಾಶಿ ಇತ್ತು. ಅದರ ಮೇಲೆ ಬಾಣಲೆ ಬೋರಲು ಹಾಕಿ ಹಿಂದಕ್ಕೆ ನೆಗೆದರು. ಅಷ್ಟೇ. ಹಾವು ಬುಸುಗುಟ್ಟಿದಂಥ ಸದ್ದು. ಬಾಣಲೆ ತಾನಾಗಿ ಪಕ್ಕಕ್ಕೆ ಉರುಳಿತು. ಬಿಳಿ ಹೊಗೆಯ ನಡುವಿನಿಂದ ಮೊಳದುದ್ದ ಬೆಂಕಿ ಚಿಮ್ಮಿತು. ಪಂಚೆಯ ಪದರಗಳು ಒಂದೊಂದಾಗಿ ಬಿಚ್ಚಿಕೊಂಡು ಉರಿದವು. ನೀಲಿ ಚೌಕಳಿಯ ತುಂಡೊಂದು ಗಾಳಿಗೆ ಎದ್ದು ಮೆಟ್ರೊ ಕಂಬದ ಕಡೆ ಹೋಯಿತು.

ದೊಡ್ಡಮ್ಮ ಬಾಲ್ಕನಿಯಿಂದ ನೋಡುತ್ತಿದ್ದರು.

ಮುನಿರಾಜಣ್ಣ ಮೇಲೆ ಬಂದು ವಿವರಿಸಿದರು. ಬಿಸಿಗೆ ಒಳಗಿನ ಬ್ಯಾಟರಿ ಊದಿಕೊಂಡಿದೆ. ಊದಿ ಊದಿ ಸ್ಕ್ರೀನನ್ನು ಹಿಂದಿನಿಂದ ಒತ್ತಿದೆ. ‘ಅದುಕ್ಕೇನ್ ಗೊತ್ತಾಯ್ತದೆ ಮೇಡಂ, ಬೆರಳು ಯಾವ್ದು, ಬ್ಯಾಟ್ರಿ ಯಾವ್ದು ಅಂತ? ಒತ್ತಿದ್ರೆ ಓಪನ್ ಆಗ್ತದೆ, ಅಷ್ಟೆಯಾ.’ ಒತ್ತುತ್ತಿದ್ದದ್ದು ಬಲಗಡೆ ಕೆಳಗಿನ ಮೂಲೆಯನ್ನು. ನಾನು ಎರಡು ಗುರುತು ಇಟ್ಟುಕೊಟ್ಟ ಮೂಲೆ. ಕೌದಿಯೊಳಗೆ ಗಂಟೆಗಟ್ಟಲೆ ಬೆಂದು, ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಕಾಯುತ್ತಿತ್ತು. ಅದಕ್ಕೇ ‘ದಿನಾ ಈ ಹೊತ್ತಿಗೆ’. ಲೆಕ್ಕ ಸರಿಹೋಯಿತು. ದೆವ್ವವೂ ಇಲ್ಲ, ಭೂತವೂ ಇಲ್ಲ.

ಹಾಸಿಗೆ ಸರಿಮಾಡಲು ಹೋದೆ. ದಿಂಬಿನ ಮೇಲೆ ಕಂದುಬಣ್ಣದ ಚೌಕ. ಇಸ್ತ್ರಿಪೆಟ್ಟಿಗೆ ಮರೆತಿಟ್ಟರೆ ಸುಡುವಂತೆ ಬಟ್ಟೆ ಕಂದಿಹೋಗಿತ್ತು. ಅದರ ಪಕ್ಕದಲ್ಲೇ, ಒಂದು ಗೇಣು ಕೂಡ ದೂರವಿಲ್ಲದೆ, ತಲೆಯೆಣ್ಣೆಯ ಕಲೆ. ದೊಡ್ಡಮ್ಮನ ತಲೆ ಇರುತ್ತಿದ್ದ ಜಾಗ.

ಮುನಿರಾಜಣ್ಣ ಆ ದಿನ ಬಾರದೇ ಇದ್ದಿದ್ದರೆ? ನಾನೂ ಬಾರದೆ, ದೊಡ್ಡಮ್ಮ ಎಂದಿನಂತೆ ಅದರ ಪಕ್ಕದಲ್ಲಿ ಮಲಗಿದ್ದಿದ್ದರೆ?

ಭಯವೇ ಸಿಟ್ಟಾಗಿ ಬಂತು. ‘ಸೈನ್ಸ್ ಟೀಚರ್ ಆಗಿ ನಿಮಗೆ ಗೊತ್ತಾಗಲಿಲ್ವಾ ದೊಡ್ಡಮ್ಮ? ಅಷ್ಟು ಊದಿಕೊಂಡಿತ್ತು, ಅಷ್ಟು ಸುಡ್ತಿತ್ತು!’

ದೊಡ್ಡಮ್ಮ ದಿಂಬನ್ನು ನನ್ನ ಕೈಯಿಂದ ತೆಗೆದುಕೊಂಡು ಮಗುಚಿ ಹಾಕಿದರು. ಕಲೆ ಕೆಳಗಾಯಿತು.

‘ಶಾಖಕ್ಕ ಪದಾರ್ಥ ಹಿಗ್ಗತೈತಿ ಅಂತ ಎಂಟನೇ ಕ್ಲಾಸಿನ ಹುಡುಗ್ರಿಗೆ ಕಲಿಸಿದಾಕಿ ನಾನು. ಗೊತ್ತಾಗಲಿಲ್ಲ ಅನ್ಕೊಂಡಿ ಏನ?’

‘ಮತ್ತೆ?’

‘ಮೊದಲನೇ ದಿನಾನ ಗೊತ್ತಾತು. ಎರಡನೇ ದಿನ ನಿನಗ ಹೇಳೂನು ಅಂದ್ಕೊಂಡೆ. ಅಷ್ಟರಾಗ ಅವ್ರ ಫೋಟೊ ಬಂತು.’ ಮಗುಚಿದ ದಿಂಬಿನ ಮೇಲೆ ಅಂಗೈ ಇಟ್ಟರು. ‘ಕೈ ಇಟ್ಟಂಗ ಬೆಚ್ಚಗ ಇರ್ತಿತ್ತವಾ. ಬಾಜೂಕ ಮಲಗಿದಂಗ.’

 

ಅಣ್ಣ-ಅತ್ತಿಗೆ ಸಂಜೆ ಬಂದರು. ಬೈದರು, ಅತ್ತರು, ಮುನಿರಾಜಣ್ಣನಿಗೆ ಕೈ ಮುಗಿದರು. ನಾನು ಹೊರಟಾಗ ದೊಡ್ಡಮ್ಮ ಮೆಟ್ಟಿಲವರೆಗೆ ಬಂದರು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, ಯಾರಿಗೂ ಕೇಳಿಸದಂತೆ ಹೇಳಿದರು.

‘ಇನ್ನೊಂದು ಕೊಡಸ್ತಿ ಏನವಾ? ದುಬಾರಿದು ಬ್ಯಾಡ. ಅಂಥಾದ್ದ ತಾ.’

ಕಳೆದ ಭಾನುವಾರ ಅಂಗಡಿಗೆ ಹೋಗಿದ್ದೆ. ಸಾಲಾಗಿ ಇಟ್ಟಿದ್ದಾರೆ, ಎಲ್ಲವೂ ತೆಳ್ಳಗೆ, ಎಲ್ಲವೂ ತಣ್ಣಗೆ. ಒಂದೊಂದನ್ನೂ ಕೈಗೆತ್ತಿಕೊಂಡು ಬೆನ್ನು ಸವರಿ ನೋಡಿದೆ. ಸೇಲ್ಸ್‌ನವರು ನಗುತ್ತಾ ಕೇಳಿದರು: ‘ವಯಸ್ಸಾದವರಿಗಾ ಮೇಡಂ? ಮುಖ್ಯವಾಗಿ ಏನಿರಬೇಕು ಹೇಳಿ, ತೋರಿಸ್ತೀನಿ.’

ನೀವೇ ಹೇಳಿ, ಅವರಿಗೆ ನಾನು ಏನಂತ ಹೇಳಲಿ?